ಕೋಳಿಗೆ ಹೇಳಿದ ಹೊಲಿಗೆ

ಮಳೆಗಾಲದಲ್ಲಿ ಸರಿಯಾಗಿ ಒಣಗದ ಹಳೆಯ ಹತ್ತಿ ಬಟ್ಟೆಗೆ ಒಂದು ಮುಗ್ಗಲು ವಾಸನೆ ಇರುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ತಲೆ ತಗ್ಗಿಸುತ್ತೇನೆ. ಮೊನ್ನೆ ಮಗಳು ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಆ ವಾಸನೆ ಮನೆಯೆಲ್ಲ ಹರಡಿತು. ಅವಳು ಫೋನಿನಲ್ಲಿ ಯಾರೋ ಹೇಳಿಕೊಡುವುದನ್ನು ನೋಡಿಕೊಂಡು ಚೂರುಬಟ್ಟೆ ಜೋಡಿಸಿ ಕೌದಿ ಹೊಲಿಯಲು ಹೊರಟಿದ್ದಾಳೆ. "ಅಪ್ಪಾ, ಮೆತ್ತಗಿರೋ ಹಳೇ ಸೀರೆ ಯಾವ್ದಾದ್ರೂ ಐತಾ?" ಎಂದಳು. "ನಿಮ್ಮವ್ವನ್ನ ಕೇಳು" ಎಂದು ಹೇಳಿ ಜಗಲಿಗೆ ಎದ್ದು ಬಂದೆ. ಹೊಲಿಗೆ ನನಗೂ ಬರುತ್ತದೆ, ನಿನಗೆ ಹೇಳಿಕೊಡುವಷ್ಟು ಬರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಯಾರು ಕಲಿಸಿದರು ಎಂದು ಕೇಳುತ್ತಾಳೆ. ಕಲಿಸಿದವರ ವಿಷಯ ಎತ್ತಿದರೆ ಇವತ್ತಿಗೂ ನನಗೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಅದು ಹಾರೋಹಳ್ಳಿ ಸುತ್ತ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ಹೊಲಗಳಲ್ಲಿ ಅಳತೆಯ ಕಲ್ಲು ನೆಟ್ಟು ತಂತಿಬೇಲಿ ಎಳೆದಿದ್ದರು. ರಸ್ತೆಯಲ್ಲಿ ಹಗಲೆಲ್ಲ ಜಲ್ಲಿ ತುಂಬಿದ ಟಿಪ್ಪರುಗಳು. ನಮ್ಮ ಮರಳವಾಡಿಯ ಹೆಣ್ಣುಮಕ್ಕಳು ಬೆಳಕು ಹರಿಯುವ ಮುಂಚೆಯೇ ತಲೆ ಬಾಚಿ, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಿದ್ದರು. ನನ್ನ ಹೆಂಡತಿ ಸವಿತಾಳೂ ಅವರಲ್ಲಿ ಒಬ್ಬಳು. ನಾನು ಗೂಡ್ಸ್ ಆಟೋ ಇಟ್ಟುಕೊಂಡು ಸುತ್ತಲ ಹಳ್ಳಿಗಳ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದೆ. ಮೀಸೆ ತಿರುವಿಕೊಂಡು ಮಾಡುವ ಕೆಲಸ ಎಂದು ನನ್ನ ಎಣಿಕೆಯಾಗಿತ್ತು. ಮುಂಗಾರು ಹಿಡಿದ ಹೊಸದರಲ್ಲಿ, ಎದುರಿಗೆ ಬಂದ ಟಿಪ್ಪರಿಗೆ ದಾರಿ ಬಿಡಲು ಹೋಗಿ ಆಟೋ ಹಳ್ಳಕ್ಕೆ ಮಗುಚಿತು. ಗೂಡು ನೀರುಪಾಲಾಯಿತು, ನನ್ನ ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು. ನಾಟಿ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟಿ, ದೀಪಾವಳಿ ತನಕ ಕಾಲು ನೆಲಕ್ಕೆ ಊರಬೇಡ ಎಂದರು.

ಸವಿತಾ ಆಗ ಬಸುರಿ, ಮೊದಲ ಬಸಿರು. ನಾನು ದುಡಿಯುತ್ತಿದ್ದರೆ ಅವಳನ್ನು ಕೆಲಸ ಬಿಡಿಸಬಹುದಿತ್ತು. ಈಗ ಅವಳು ವಾಂತಿ ಮಾಡಿಕೊಂಡು, ಬಾಯಿ ತೊಳೆದುಕೊಂಡು ಬಸ್ಸು ಹತ್ತುವುದನ್ನು ಮಂಚದ ಮೇಲಿಂದ ನೋಡಬೇಕಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕುಡಿಕೆಯೂ ಇರಲಿಲ್ಲ, ಹೊನ್ನೂ ಇರಲಿಲ್ಲ, ಕೂತು ಉಣ್ಣುವವನು ಮಾತ್ರ ಇದ್ದ. ಬೀದಿಯಲ್ಲಿ ಯಾರಾದರೂ ನಗುವುದು ಕೇಳಿದರೆ ನನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಅನ್ನಿಸುತ್ತಿತ್ತು.

ನನಗೆ ಅನ್ನ ನೀರು ನೋಡಿಕೊಳ್ಳಲು ಕಬ್ಬಾಳಿನಿಂದ ಅತ್ತೆ ಬಂದರು. ಸವಿತಾಳ ತಾಯಿ ಚಿಕ್ಕತಾಯಮ್ಮ. ಗಂಡ ತೀರಿಕೊಂಡ ಮೇಲೆ ಅವರು ಇದ್ದದ್ದು ತಮ್ಮನ ಮನೆಯಲ್ಲಿ. ಸವಿತಾ ಒಬ್ಬಳೇ ಮಗಳು. ಆ ಕಡೆಯಲ್ಲಿ ಕೌದಿ ಎಂದರೆ ಚಿಕ್ಕತಾಯಮ್ಮನ ಕೈ ಎಂದು ಹೆಸರು. ಮೊಮ್ಮಗುವಿನ ತೊಟ್ಟಿಲಿಗೆ ಕೌದಿ ಕೊಡಬೇಕಾದವಳು ತಾಯಿಯ ತಾಯಿ. ಅದಕ್ಕಾಗಿ ತಮ್ಮ ಹಳೆಯ ಸೀರೆಗಳನ್ನೂ ಸವಿತಾಳ ಚಿಕ್ಕಂದಿನ ಲಂಗಗಳನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದರು.

ಅತ್ತೆ ಹಳೆಯ ಕಾಲದವರು. ಅಳಿಯನ ಮುಖ ನೋಡಿ ಮಾತಾಡುವವರಲ್ಲ, ಎದುರಿಗೆ ನಿಲ್ಲುವವರೂ ಅಲ್ಲ. ಮನೆಯಲ್ಲಿ ಮೂರನೆಯವರು ಇದ್ದರೆ ಅವರ ಮೂಲಕ ಮಾತು ದಾಟಿಸಬಹುದು. ಹಗಲು ಹೊತ್ತಿನಲ್ಲಿ ಇದ್ದವರು ನಾವಿಬ್ಬರೇ. ಆದರೆ ಜಗಲಿಯ ಮೂಲೆಯಲ್ಲಿ, ಕುಕ್ಕೆಯೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತು ಅದರ ಜೊತೆ ಮಾತು ಶುರುಮಾಡಿದರು.

"ಮುದ್ದೆ ಆಗೈತೆ ಕಣೆ ಕೋಳಿ. ಉಣ್ಣೋರು ಕೈ ತೊಳ್ಕಂಡ್ರೆ ಬಡುಸ್ತೀನಿ."

ನಾನು ಕೈ ತೊಳೆದುಕೊಳ್ಳುತ್ತಿದ್ದೆ. ಮುಖ ಆ ಕಡೆ ತಿರುಗಿಸಿಕೊಂಡೇ ಬಡಿಸುತ್ತಿದ್ದರು. ಸಾರು ಎಷ್ಟೋ ಸಲ ತಟ್ಟೆಯ ಅಂಚಿಗೆ, ಒಂದು ಸಲ ನನ್ನ ತೊಡೆಗೇ ಬಿತ್ತು. ಬಿಸಿಗೆ ಚುರ್ ಅಂದರೂ ಸುಮ್ಮನಿದ್ದೆ. ಇಷ್ಟು ಮರ್ಯಾದೆ ಕೊಡುವ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ಒಳಗೊಳಗೇ ಉಬ್ಬಿದೆ.

ಹೊಲಿಗೆ ನನ್ನ ಕೈಗೆ ಬಂದದ್ದೂ ಕೋಳಿಯ ಮೂಲಕವೇ. ಒಂದು ಮಧ್ಯಾಹ್ನ ಮಳೆ ಜಿಟಿಜಿಟಿ ಸುರಿಯುತ್ತಿತ್ತು. ಅತ್ತೆ ಸೂಜಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಕೋಳಿಗೆ ಹೇಳಿದರು. "ಸುಮ್ನೆ ಕುಂತಿರೋರು ಯಾರಾದ್ರೂ ಒಸಿ ದಾರ ಪೋಣಿಸ್ಕೊಟ್ರೆ ಪುಣ್ಯ ಬತ್ತದೆ ಕಣೆ." ಸುಮ್ಮನೆ ಕೂತಿರುವವರು ಎಂಬ ಮಾತು ನನಗೆ ತಾಗಿತು. ಆದರೂ ದಾರ ಪೋಣಿಸಿ ಸೂಜಿಯನ್ನು ನೆಲದ ಮೇಲಿಟ್ಟು ಅವರ ಕಡೆಗೆ ತಳ್ಳಿದೆ. ಕೈಯಿಂದ ಕೈಗೆ ಕೊಡುವ ಹಾಗಿರಲಿಲ್ಲ. ಅವರು ನೆಲ ಸವರಿ ಸೂಜಿ ತೆಗೆದುಕೊಂಡರು. ಒಂದು ದಾರ ಮುಗಿದ ಮೇಲೆ ಇನ್ನೊಂದು. ಹೀಗೆ ಒಂದು ವಾರ ಕಳೆಯುವಷ್ಟರಲ್ಲಿ ಬೇಸರಕ್ಕೋ, ನೋಡಿ ನೋಡಿ ಆಸೆಯಾಗಿಯೋ, ನಾನೇ ಒಂದು ಚೂರುಬಟ್ಟೆ ಎಳೆದುಕೊಂಡು ಟಾಕು ಹಾಕತೊಡಗಿದೆ.

ಕಲಿಯುವಾಗ ನನ್ನ ಬೆರಳೆಲ್ಲ ತೂತು. ಹಳೆಯ ಸೀರೆಯನ್ನು ಪದರ ಪದರವಾಗಿ ಹಾಸಿ, ಸುಕ್ಕು ಇಲ್ಲದ ಹಾಗೆ ಅಂಗೈಯಿಂದ ತಳ್ಳಬೇಕು. ನಾನು ತಳ್ಳಿದರೆ ಒಂದು ಕಡೆಯ ಸುಕ್ಕು ಇನ್ನೊಂದು ಕಡೆ ಹೋಗಿ ಗಂಟಾಗುತ್ತಿತ್ತು. ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ಒಳಗೆ ಬರಬೇಕು. ಸುತ್ತಿಗೂ ಸುತ್ತಿಗೂ ನಡುವೆ ಹೆಬ್ಬೆರಳಿನಷ್ಟೇ ಜಾಗ. ಸವಿತಾ ಕಾರ್ಖಾನೆಯ ಕಡೆಯಿಂದ ಒಂದು ಚೀಲ ಕಟ್‌ಪೀಸ್ ತಂದಿದ್ದಳು, ಮೇಲಿನ ಪದರಕ್ಕೆ ಬಣ್ಣ ಬರಲಿ ಎಂದು. ಅದರಲ್ಲಿ ಬನಿಯನ್ ಬಟ್ಟೆಯೇ ಹೆಚ್ಚು. ಅದು ಎಳೆದ ಕಡೆ ಹಿಗ್ಗುತ್ತದೆ, ಬಿಟ್ಟ ಕೂಡಲೇ ಮುದುಡುತ್ತದೆ. "ಈ ಬಟ್ಟೆಯೇ ಸರಿಯಿಲ್ಲ" ಎಂದು ನಾನೂ ಕೋಳಿಯ ಕಡೆ ನೋಡಿ ಗೊಣಗಿದೆ.

ಅತ್ತೆ ನನ್ನ ತುಂಡನ್ನು ಎಳೆದುಕೊಂಡು ತೊಡೆಯ ಮೇಲೆ ಹಾಸಿ, ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಸವರಿ ನೋಡಿದರು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ ಕಣೆ ಕೋಳಿ. ಇಲ್ಲಿ ಉದ್ದ, ಇಲ್ಲಿ ಗಿಡ್ಡ, ಇಲ್ಲಿ ದಾರಾನೇ ಕೆಳುಗ್ ಓಗಿಲ್ಲ. ಬಿಚ್ಚಿ ಆಕುದ್ರೆ ಬತ್ತದೆ."

ಬಿಚ್ಚಿದೆ, ಮತ್ತೆ ಹಾಕಿದೆ. ಅವರು ಮತ್ತೆ ಸವರಿದರು, ಮತ್ತೆ ಬಿಚ್ಚಿಸಿದರು. ಒಂದೊಂದು ಸಲ "ಇದ್ರಲ್ಲಿ ಕೆಂಪು ಯಾವ್ದು ಅಂತ ಗೊತ್ತಾ ಕೋಳಿ?" ಎಂದು ಕೇಳುತ್ತಿದ್ದರು. ಶಿಷ್ಯನಿಗೆ ಪರೀಕ್ಷೆ ಎಂದುಕೊಂಡು ಕೆಂಪು ಚೂರನ್ನು ಮುಂದಕ್ಕೆ ತಳ್ಳುತ್ತಿದ್ದೆ. "ಜಾಣ ಕೋಳಿ" ಎನ್ನುತ್ತಿದ್ದರು. ಕಾಲು ಮುರಿದ ಮೇಲೆ ನನ್ನನ್ನು ಯಾರೂ ಹೊಗಳಿರಲಿಲ್ಲ, ಆ ಮಾತಿಗೆ ಮನಸ್ಸು ಅರಳುತ್ತಿತ್ತು. ಹಾಗೆಂದು ಒಪ್ಪಿಕೊಳ್ಳಲು ಕೂಡ ನಾಚಿಕೆಯೇ.

ಹೊರಗಿನವರಿಗೆ ಇದು ಗೊತ್ತಾಗಬಾರದಿತ್ತು. ಗೂಡ್ಸ್ ಆಟೋದ ಗೆಳೆಯ ಶಂಕರ ಒಂದು ದಿನ ಹೇಳದೆ ಕೇಳದೆ ಒಳಗೆ ಬಂದ. ಅತ್ತೆ ಸೆರಗು ಎಳೆದುಕೊಂಡು ಹಿತ್ತಿಲಿಗೆ ಹೋದರು. ನಾನು ಕೈಯಲ್ಲಿದ್ದದ್ದನ್ನೆಲ್ಲ ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತೆ.

"ಏನ್ಲಾ, ಬೆವುತ್ಕಂಡಿದ್ದೀಯಾ? ಜ್ವರ ಏನ್ಲಾ?" ಎಂದ.

"ಇಲ್ಲ ಕಣ್ಲಾ, ಕಾಲು ಒಸಿ ನೋಯ್ತದೆ" ಎಂದೆ. ಸೂಜಿ ತೊಡೆಗೆ ಚುಚ್ಚಿಕೊಂಡು ಕೂತಿತ್ತು. ಅವನು ಬೈರಮಂಗಲದ ಕಡೆಯ ಗೂಡಿನ ರೇಟಿನಿಂದ ಹಿಡಿದು ಊರ ಪಂಚಾಯಿತಿ ತನಕ ಎಲ್ಲ ಹೇಳಿ ಎದ್ದ. ಅಷ್ಟು ಹೊತ್ತೂ ನಾನು ಅಲುಗಾಡಲಿಲ್ಲ. ಅವನು ಹೋದ ಮೇಲೆ ಅತ್ತೆ ಒಳಗೆ ಬಂದು ಕೋಳಿಗೆ ಹೇಳಿದರು. "ಕಳ್ತನ ಮಾಡ್ದೋರು ಕೂಡ ಇಷ್ಟು ಬಚ್ಚಿಡಾಕಿಲ್ಲ ಕಣೆ." ನಾನು ನಕ್ಕೆ. ಅವರೂ ಗೋಡೆಯ ಕಡೆ ತಿರುಗಿಕೊಂಡು ನಕ್ಕರು. ಬಚ್ಚಿಡುವುದರ ಬಗ್ಗೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು ಎಂದು ಆಗ ನನಗೆ ತಿಳಿದಿರಲಿಲ್ಲ.

ಸವಿತಾ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದಳು. ಬಂದವಳು ಊದಿದ ಕಾಲು ಚಾಚಿ ಮಲಗಿಬಿಡುತ್ತಿದ್ದಳು. ದೀಪಾವಳಿ ಕಳೆದು ನನ್ನ ಕಟ್ಟು ಬಿಚ್ಚುವ ಹೊತ್ತಿಗೆ ಅವಳನ್ನು ಕೆಲಸ ಬಿಡಿಸಿದೆವು. ನಾನು ಕೋಲು ಊರಿಕೊಂಡು ನಡೆಯತೊಡಗಿದೆ. ಅಷ್ಟರಲ್ಲಿ ಕೌದಿ ಮುಗಿಯುತ್ತ ಬಂದಿತ್ತು. ಆದರೆ ಮಗು ಹುಟ್ಟುವ ಮುಂಚೆ ಅದನ್ನು ಪೂರ್ತಿ ಮಾಡಬಾರದು, ಒಂದು ಮೂಲೆ ಬಿಡಬೇಕು ಎಂಬುದು ಅತ್ತೆಯವರ ಕಡೆಯ ನಡವಳಿಕೆ. ಬಿಟ್ಟರು. ಕನಕಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಹನ್ನೊಂದನೆಯ ದಿನಕ್ಕೆ ತೊಟ್ಟಿಲು ಶಾಸ್ತ್ರ ಎಂದು ಗೊತ್ತು ಮಾಡಿದೆವು.

ಬಾಣಂತಿ ಮನೆಯಲ್ಲಿ ಅತ್ತೆಗೆ ಕೈ ಬಿಡುವಿರಲಿಲ್ಲ. ನೀರು ಕಾಯಿಸಬೇಕು, ಬೆಂಕಿ ನೋಡಬೇಕು, ಕಷಾಯ ಆಗಬೇಕು. "ಆ ಮೂಲೆ ಹಂಗೇ ಉಳ್ಕಂಡೈತೆ. ಕಲ್ತೋರು ಆಕ್ಬುಟ್ರೆ ಆಯ್ತದೆ" ಎಂದು ಈ ಸಲ ಒಲೆಗೆ ಹೇಳಿದರು. ಹಿತ್ತಿಲಿನಲ್ಲಿ ಯಾರಿಗೂ ಕಾಣದ ಹಾಗೆ ಕೂತು ಆ ಮೂಲೆಯನ್ನು ನಾನೇ ಹೊಲಿದೆ. ಸವರಿ ನೋಡುವವರು ಪಕ್ಕದಲ್ಲಿಲ್ಲ, ಮೇಲೆ ಹಾಳು ಬನಿಯನ್ ಬಟ್ಟೆ. ಡೊಂಕಾಯಿತು. ಬಿಚ್ಚಿ ಹಾಕಲು ಹೊತ್ತಿರಲಿಲ್ಲ.

ಶಾಸ್ತ್ರದ ದಿನ ಮನೆಮುಂದೆ ಶಾಮಿಯಾನ ಹಾಕಿದ್ದೆವು. ಗಂಡಸರು ಹೊರಗೆ, ಹೆಂಗಸರು ಒಳಗೆ ತೊಟ್ಟಿಲ ಸುತ್ತ. ಕಬ್ಬಾಳಿನಿಂದ ಅತ್ತೆಯ ತಮ್ಮ, ಅವರ ಹೆಂಡತಿ ಲಕ್ಷ್ಮಮ್ಮ ಬಂದಿದ್ದರು. ಬಂದವರೇ ಲಕ್ಷ್ಮಮ್ಮ, ರಾಗಿ ಕುಯ್ಲು ಶುರುವಾಗಿದೆ, ಆಳು ಸಿಗುತ್ತಿಲ್ಲ, ಅತ್ತಿಗೆ ನಾಳೆಯೇ ಊರಿಗೆ ಬರಬೇಕು ಎಂದು ಹೇಳಿಬಿಟ್ಟಿದ್ದರು. ಪಕ್ಕದ ಮನೆಯವರು ಬಾಣಂತಿಯನ್ನು ನೋಡಿಕೊಳ್ಳುತ್ತೇವೆ ಎಂದರು. ಅತ್ತೆ ಹೋಗಿ ತೊಟ್ಟಿಲ ಪಕ್ಕ ಕೂತರು.

ನಾನು ಎಲೆ ಅಡಿಕೆ ತಟ್ಟೆಗೆಂದು ಬಾಗಿಲಿಗೆ ಬಂದಾಗ ಕೌದಿ ಕೈಯಿಂದ ಕೈಗೆ ದಾಟುತ್ತಿತ್ತು. ಹೊಗಳಿಕೆಯೋ ಹೊಗಳಿಕೆ. ಅಷ್ಟರಲ್ಲಿ ಅದು ಲಕ್ಷ್ಮಮ್ಮನ ಕೈಗೆ ಬಂತು. ಅವರು ತಿರುಗಿಸಿ ತಿರುಗಿಸಿ ನೋಡಿ, ಆ ಮೂಲೆಯನ್ನು ಎತ್ತಿ ಹಿಡಿದರು.

"ಇದೇನು ಅತ್ತಿಗೆಮ್ಮ, ಇಲ್ಲಿ ಮಾತ್ರ ಎತ್ತು ಉಚ್ಚೆ ಉಯ್ದಂಗೈತೆ? ನಿಮ್ ಕೈಯಲ್ಲಿ ಇಂಥ ಒಲಿಗೆ ನಾ ಕಾಣೆ."

ಹೆಂಗಸರು ಕಿಸಕ್ಕೆಂದರು. ಅತ್ತೆ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದರು. ತಲೆ ಎತ್ತದೆ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಕಣ್ಣು ಮಂಜಾಗವೆ ಕಣವ್ವ ಲಕ್ಷ್ಮೀ. ಈ ಮಳೆಗಾಲ್ದಿಂದ ಏನೂ ಕಾಣಾಕಿಲ್ಲ ನಂಗೆ."

ಸವಿತಾ ಮಗುವಿನಿಂದ ಮುಖ ಎತ್ತಿ ತಾಯಿಯನ್ನು ನೋಡಿದಳು. ನನ್ನ ಡೊಂಕು ಹೊಲಿಗೆಯ ಮಾನ ಕಾಪಾಡಲು ಈ ಹೆಂಗಸು ತನ್ನ ಕೈಯ ಹೆಸರನ್ನೇ ಕಳೆದುಕೊಳ್ಳುತ್ತಿದ್ದಾರೆ, ಅದೂ ಇಷ್ಟು ಜನರ ಮುಂದೆ. ಇಷ್ಟು ದಿನ ಸೂಜಿಯ ಮೇಲೆ ಕೂತದ್ದು ಸಾಕು ಅನ್ನಿಸಿತು.

"ಆ ಮೂಲೆ ನಾನು ಹೊಲ್ದಿದ್ದು" ಎಂದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಒಳಗಿಂದ ಶಾಮಿಯಾನದ ತನಕ ಹರಿಯಿತು. "ಲೇ, ಆಟೋ ಬುಟ್ಟು ಸೂಜಿ ಹಿಡ್ದವ್ನೆ ಕಣ್ರಲಾ" ಎಂದು ಶಂಕರ ಕೂಗಿದ. ಸವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಳಿಯನ ಮಾನ ಉಳಿಸಾಕೆ ನಮ್ಮವ್ವ ಕಣ್ಣೇ ಓಗೈತೆ ಅಂದ್ಬುಟ್ಲು ನೋಡಿ" ಎಂದಳು. ಲಕ್ಷ್ಮಮ್ಮನೂ ನಕ್ಕು, "ನಾ ಒಂದ್ಗಳಿಗೆ ಗಾಬರಿ ಬಿದ್ದೋದೆ ಅತ್ತಿಗೆಮ್ಮ, ನಾಳೆ ಬೆಳಿಗ್ಗೆ ಬಸ್ಸಿಗೇ ಬಂದ್ಬುಡಿ" ಎಂದರು. ಅತ್ತೆಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕ ಹಾಗೆ ಕಂಡಿತು. ನನ್ನ ಕಿವಿ ಕೆಂಪಾಗಿತ್ತು. ಆದರೂ ಒಳಗೆ ಏನೋ ದೊಡ್ಡ ಕೆಲಸ ಮಾಡಿದೆನೆಂಬ ಹೆಮ್ಮೆಯಿತ್ತು.

ಅವರ ತಮ್ಮನೂ ಲಕ್ಷ್ಮಮ್ಮನೂ ಅವತ್ತು ಸಂಜೆಯೇ ಊರಿಗೆ ಹೋದರು. ಮರುದಿನ ಬೆಳಿಗ್ಗೆ ಅತ್ತೆಯನ್ನು ಬಸ್ಸು ಹತ್ತಿಸಲು ಹೊರಟೆ. ಅವರ ಚೀಲ ನನ್ನ ಹೆಗಲಿಗೆ, ಕೋಲು ಬಲಗೈಗೆ. ಅವರು ಪದ್ಧತಿಯಂತೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಬಸ್ಸು ನಿಲ್ಲುವ ಕಡೆ ಗಾರ್ಮೆಂಟ್ಸ್ ಹುಡುಗಿಯರ ಗುಂಪು, ಪಕ್ಕದಲ್ಲಿ ಒಂದು ಹಾಲಿನ ವ್ಯಾನು. ಕನಕಪುರದ ಬಸ್ಸು ಬಂತು. ಜನರಿಗೆ ದಾರಿ ಬಿಡಲು ನಾನು ಕೋಲೆತ್ತಿ ಬದಿಗೆ ಸರಿದೆ. ಅತ್ತೆ ನಿಂತಲ್ಲೇ ನಿಂತರು. ಸ್ವಲ್ಪ ಹೊತ್ತು ಕತ್ತು ಓರೆ ಮಾಡಿ ಆಲಿಸಿದರು. ಆಮೇಲೆ ಕೈ ಮುಂದೆ ಚಾಚಿಕೊಂಡು ಹೋಗಿ, ಹಾಲಿನ ವ್ಯಾನಿನ ಮೈ ಸವರುತ್ತ ಬಾಗಿಲ ಕಂಬಿ ಹುಡುಕತೊಡಗಿದರು.

"ಅತ್ತೆ, ಅದು ಬಸ್ಸಲ್ಲ" ಎಂದೆ.

ಅವರ ಕೈ ವ್ಯಾನಿನ ಮೇಲೆಯೇ ನಿಂತಿತು. ಹುಡುಗಿಯೊಬ್ಬಳು ನಕ್ಕಳು. ದಾರಿಯುದ್ದಕ್ಕೂ ಅವರು ಬಂದದ್ದು ನನ್ನ ಕೋಲಿನ ಸದ್ದು ಹಿಡಿದುಕೊಂಡು. ತಟ್ಟೆಯ ಆಚೆ ಬಿದ್ದ ಸಾರು, ನೆಲ ಸವರಿದ ಕೈ, ಕೆಂಪು ಯಾವುದು ಎಂದು ಕೋಳಿಗೆ ಕೇಳಿದ ಪ್ರಶ್ನೆ. ಮುಂಗಾರಿನಿಂದ ರಾಗಿ ಕುಯ್ಲಿನ ತನಕ ಕೈಯಳತೆಯಲ್ಲಿ ಕೂತಿದ್ದೆ. ನನ್ನ ಮುಖ ನೋಡದಿರುವುದು ನನಗೆ ಕೊಡುವ ಮರ್ಯಾದೆ ಎಂದು ಹಿಗ್ಗಿದ್ದೆ. ಅವರಿಗೆ ನನ್ನ ಮುಖವೇ ಕಾಣುತ್ತಿರಲಿಲ್ಲ.

"ನಿನ್ನೆ ಹೇಳಿದ್ದು ನಿಜಾನಾ ಅತ್ತೆ?"

ಅಲ್ಲಿ ಕೋಳಿ ಇರಲಿಲ್ಲ, ಒಲೆ ಇರಲಿಲ್ಲ. ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಮದುವೆಯಾದ ಮೇಲೆ ನನಗೆಂದು ಆಡಿದ ಮೊದಲ ಮಾತು ಅದು.

"ನಿಜ ಕಣಪ್ಪ. ಬೆಳಕು ನೆಳ್ಳು ಅಷ್ಟೇ ಗೊತ್ತಾಗಾದು. ಕಬ್ಬಾಳಲ್ಲಿ ಕಲ್ಲು ಮುಳ್ಳೆಲ್ಲ ಕಾಲಿಗೆ ಗೊತ್ತು, ಹೆಂಗೋ ನಡೀತಿತ್ತು. ಕಣ್ಣಿಲ್ದೋಳನ್ನ ತಮ್ಮನ ಮನೇಲಿ ಎಷ್ಟು ದಿನ ಇಟ್ಕತಾರೆ? ಅಳಿಯನ ಮನೇಲಿ ಕುಂತು ಉಣ್ಣಾಕೆ ಮೊಕ ಎಲ್ಲೈತೆ? ಅದ್ಕೇ ಬಾಯಿ ಬಿಟ್ಟಿರ್ನಿಲ್ಲ. ನಿನ್ನೆ ಆ ಮೂಲೆ ನೆಪ ಸಿಕ್ತು. ಮಗಳು, ಲಕ್ಷ್ಮಿ, ಎಲ್ಲಾರ್ ಮುಂದೆ ಒಂದೇ ಸಲ ಏಳ್ಬುಟ್ಟೆ. ನೀವು ಒಳ್ಳೇದಕ್ಕೇ ಅದು ನಂದು ಅಂದ್ರಿ. ಎಲ್ಲಾರೂ ನಕ್ಬುಟ್ರು. ನಕ್ಕ ಮೇಲೆ ಇನ್ನೊಂದ್ಸಲ ಏಳಾಕೆ ನಂಗೆ ಬಾಯಿ ಬರ್ನಿಲ್ಲ."

ಕಂಡಕ್ಟರು ಸೀಟಿ ಊದಿದ. "ಅಜ್ಜಿ ಹತ್ತುತಾರಾ ಇಲ್ವಾ?" ಎಂದು ಕೇಳಿದ. ಹತ್ತಿಸಿದರೆ ಇವರು ಇವತ್ತೇ ಕುಡುಗೋಲು ಹಿಡಿದು ರಾಗಿ ಹೊಲಕ್ಕೆ ಇಳಿಯಬೇಕು. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ.

"ನಾನೂ ಈ ವರ್ಷ ಕುಂತೇ ಉಂಡಿವ್ನಿ ಅತ್ತೆ."

ಬಸ್ಸು ಹೊರಟುಹೋಯಿತು. ವ್ಯಾನಿನ ಮೇಲಿದ್ದ ಅವರ ಕೈಯನ್ನು ನಾನು ಹಿಡಿದುಕೊಂಡೆ. ಅತ್ತೆಯ ಕೈ ಅಳಿಯ ಹಿಡಿಯುವುದು ನಮ್ಮ ಕಡೆ ಎಲ್ಲೂ ಇಲ್ಲ. ಅವರು ಮೈಯೆಲ್ಲ ಹಿಡಿಯಾಗಿ ಸೆರಗನ್ನು ಮುಖದ ತನಕ ಎಳೆದುಕೊಂಡರು. ಮನೆಯ ಕಡೆ ಹೊರಟೆವು. ಟೀ ಅಂಗಡಿಯಲ್ಲಿ ಶಂಕರ ಕೂತಿದ್ದ, ಹಾಲು ಹಾಕಲು ಬಂದವರು ನಿಂತು ನೋಡಿದರು, ನಲ್ಲಿಯ ಹತ್ತಿರ ಹೆಂಗಸರ ಮಾತು ನಿಂತಿತು.

"ಕೈ ಬುಡಪ್ಪ, ಜನ ನೋಡ್ತಾವ್ರೆ" ಎಂದರು ಅತ್ತೆ.

"ನಿಮ್ಗೆ ಹೆಂಗೆ ಗೊತ್ತಾಯ್ತು?" ಎಂದೆ.

"ಮಾತು ನಿಂತೋಯ್ತಲ್ಲ."

ನೋಡಲಿ ಬಿಡಿ ಎಂದು ತಲೆ ಎತ್ತಿ ಹೇಳುವಷ್ಟು ದೊಡ್ಡವನು ನಾನಾಗಿರಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಉರಿಯುತ್ತಿತ್ತು. ತಲೆ ತಗ್ಗಿಸಿಕೊಂಡೇ ನಡೆದೆ, ಆದರೆ ಕೈ ಬಿಡಲಿಲ್ಲ.